ಮಳೆ ತಗ್ಗುವ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡದಿಂದ ಗಾಡಿ ಯಾವ ಕಡೆ ತಿರುಗಿಸಬೇಕು?

ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮುಗಿಯುವ ತನಕ ನಮ್ಮ ಕಡೆ ಗಾಡಿ ತೆಗೆದುಕೊಂಡು ಅಡ್ಡಾಡಲು ವರ್ಷದಲ್ಲೇ ಒಳ್ಳೆಯ ಕಾಲ. ಮಘಾ ಮಳೆ ಮುಗಿಯುತ್ತಾ ಬಂದಿರುತ್ತದೆ, ಆಮೇಲೆ ಹುಬ್ಬಿ-ಉತ್ತರಿ ಮಳೆ ನಡೆಯುತ್ತದೆ. ಬೇಸಿಗೆಯ ಧೂಳಿಲ್ಲ, ಜುಲೈ ತಿಂಗಳ ಜಡಿ ಮಳೆಯೂ ಇಲ್ಲ. ಕೆರೆ ತುಂಬಿರುತ್ತವೆ, ಹಳ್ಳ ಹರಿಯುತ್ತಿರುತ್ತವೆ, ಹೊಲದಲ್ಲಿ ಪೀಕು ನಿಂತಿರುತ್ತದೆ. ಹೊರಡುವುದೇನೋ ಸರಿ, ಯಾವ ಕಡೆ?

ಬಹಳ ಮಂದಿ ದಾಂಡೇಲಿ ಎನ್ನುತ್ತಾರೆ, ಇಲ್ಲವೇ ಯಲ್ಲಾಪುರ. ಎರಡೂ ಪಶ್ಚಿಮಕ್ಕೆ, ಕಾಡಿನ ಕಡೆಗೆ. ಒಳ್ಳೆಯ ಜಾಗಗಳೇ. ಆದರೆ ಪೂರ್ವಕ್ಕೆ, ಗದಗ ಕಡೆಗೆ ಹೋಗುವ ದಾರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಅಲ್ಲೇನದ, ಬರೇ ಬಯಲು" ಎಂದು ಬಿಡುತ್ತಾರೆ. ನನಗಿದು ನಿಜಕ್ಕೂ ಬೇಸರದ ಮಾತು. ಏಪ್ರಿಲ್‌ನಲ್ಲಿ ಹಾಗೆ ಹೇಳಿದರೆ ಒಪ್ಪಬಹುದು. ಸೆಪ್ಟೆಂಬರ್‌ನಲ್ಲಿ ಒಪ್ಪಲಾರೆ. ಈ ಬರಹದಲ್ಲಿ ಎಲ್ಲ ದಾರಿಗಳನ್ನೂ ಹೋಲಿಸುತ್ತೇನೆ, ಆದರೆ ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ.

ಮೊದಲು ಮಳೆಯ ಲೆಕ್ಕ

ನಮ್ಮ ಅವಳಿ ನಗರ ಇರುವ ಜಾಗವೇ ವಿಶೇಷ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯ ನೀರು ಪಶ್ಚಿಮಕ್ಕೆ ಹರಿದು ಬೇಡ್ತಿಯಾಗಿ, ಮುಂದೆ ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಇತ್ತ ಪೂರ್ವಕ್ಕೆ ಬಿದ್ದ ನೀರು ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ನಾವಿದ್ದೇವೆ. ಒಂದು ತಾಸು ಆಚೆ ಹೋದರೆ ಸಾಗವಾನಿ ಕಾಡು, ಒಂದು ತಾಸು ಈಚೆ ಬಂದರೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಒಂದೇ ದಿನದಲ್ಲಿ ಹೋಗಿ ಬರುವ ದೂರದಲ್ಲಿ ಇಷ್ಟು ಬೇರೆ ಬೇರೆ ನೆಲ ಸಿಗುವ ಊರು ಬಹಳ ಇಲ್ಲ.

ಮಳೆಯೂ ಎರಡು ಕಡೆ ಎರಡು ಥರ. ಯಲ್ಲಾಪುರದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟಿ ಬೀಳುತ್ತದೆ. ಗದಗ ಕಡೆ 600ರ ಆಸುಪಾಸು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಪಶ್ಚಿಮದಲ್ಲಿ ಮಳೆಯ ಜೋರು ಜುಲೈನಲ್ಲಿ, ಸೆಪ್ಟೆಂಬರ್ ಹೊತ್ತಿಗೆ ಅದು ಇಳಿಯುತ್ತಾ ಬರುತ್ತದೆ. ಗದಗ ಭಾಗದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳೇ ಹೆಚ್ಚು ಮಳೆಯ ತಿಂಗಳು. ಹಾಗಂತ ಹೆದರಬೇಕಿಲ್ಲ, ಬರುವ ರೀತಿ ಬೇರೆ. ಅಲ್ಲಿ ಬೆಳಗ್ಗೆ ಬಿಸಿಲು ಚೆನ್ನಾಗಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ, ಗುಡುಗು ಮಿಂಚು ಬಂದು, ಒಂದು ತಾಸು ಹೊಡೆದು ನಿಲ್ಲುತ್ತದೆ. ಕಾಡಿನ ಕಡೆ ಆಗಸ್ಟ್‌ನಲ್ಲಿ ಇಡೀ ದಿನ ಜಿಟಿಜಿಟಿ, ನಡುನಡುವೆ ಮಂಜು.

ಹಾಗಾಗಿ ಪೂರ್ವಕ್ಕೆ ಹೋಗುವವರು ಹೊತ್ತು ನೋಡಬೇಕು, ಪಶ್ಚಿಮಕ್ಕೆ ಹೋಗುವವರು ವಾರ ನೋಡಬೇಕು. ಗದಗ ದಾರಿಗೆ ನಸುಕಿನಲ್ಲಿ ಆರಕ್ಕೆ ಹೊರಟು ಮೂರರ ಒಳಗೆ ನೋಡುವುದನ್ನೆಲ್ಲ ಮುಗಿಸಿದರೆ ಯಾವ ವಾರವಾದರೂ ನಡೆಯುತ್ತದೆ. ಯಲ್ಲಾಪುರ, ದಾಂಡೇಲಿಗೆ ಸೆಪ್ಟೆಂಬರ್ 15ರ ನಂತರ ಹೋಗಿ. ಆಗ ಜಲಪಾತದಲ್ಲಿ ನೀರೂ ಇರುತ್ತದೆ, ಮಂಜು ಸರಿದು ಅದು ಕಣ್ಣಿಗೂ ಕಾಣುತ್ತದೆ. ಆಗಸ್ಟ್‌ನಲ್ಲಿ ಅಷ್ಟು ದೂರ ಹೋಗಿ ಬೆಳ್ಳನೆಯ ಮಂಜನ್ನಷ್ಟೇ ನೋಡಿ, ಸದ್ದು ಕೇಳಿ ವಾಪಸ್ ಬರುವವರು ಕಡಿಮೆಯಿಲ್ಲ.

ಗದಗ ದಾರಿ: ಬಯಲಿಗೆ ಬಣ್ಣ ಬರುವ ಕಾಲ

ಹುಬ್ಬಳ್ಳಿಯಿಂದ ಗದಗ 58 ಕಿ.ಮೀ. ಆಸುಪಾಸು. ಊರು ದಾಟಿದ ಕೂಡಲೇ ಎರೆ ಭೂಮಿ ಶುರು. ದಾರಿ ನೇರ, ಎರಡೂ ಕಡೆ ಹೊಲ, ದಿಗಂತದ ತನಕ ಅಡ್ಡ ಏನೂ ಇಲ್ಲ. ಈ ತಿಂಗಳಲ್ಲಿ ಆ ಹೊಲಗಳನ್ನು ನೋಡಬೇಕು. ಸೂರ್ಯಕಾಂತಿ ಹೂ ಬಿಟ್ಟಿರುತ್ತದೆ. ಶೇಂಗಾ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಗಿಡ ಬೇರೆ ಬೇರೆ ಹಸಿರಿನಲ್ಲಿ ನಿಂತಿರುತ್ತವೆ. ನಡುವೆ ಹಿಂಗಾರಿ ಜೋಳಕ್ಕೆಂದು ಹರಗಿ ಬಿಟ್ಟ ಕಪ್ಪು ಹೊಲ. ಆ ಕಪ್ಪಿನ ಪಕ್ಕದಲ್ಲಿ ಹಸಿರು ಇನ್ನೂ ಗಾಢವಾಗಿ ಕಾಣುತ್ತದೆ. ಮೇಲೆ ದೊಡ್ಡ ಆಕಾಶ, ಅದರಲ್ಲಿ ಓಡುವ ಮೋಡ, ಹೊಲದ ಮೇಲೆ ಓಡುವ ಮೋಡದ ನೆರಳು. ಕಾಡಿನಲ್ಲಿ ಇದು ಸಿಗುವುದಿಲ್ಲ, ಅಲ್ಲಿ ಆಕಾಶವೇ ಕಾಣುವುದಿಲ್ಲವಲ್ಲ.

ಅಣ್ಣಿಗೇರಿಯಲ್ಲಿ ನಿಲ್ಲಿಸಿ. ಪಂಪನ ಊರು ಎಂದು ಹೆಸರಾದ ಇಲ್ಲಿ 11ನೇ ಶತಮಾನದ ಅಮೃತೇಶ್ವರ ಗುಡಿ ಇದೆ. ಬೆಳಗಿನ ಏಳರ ಹೊತ್ತಿಗೆ ಗದ್ದಲವಿಲ್ಲ. ಗದಗ ಊರಲ್ಲಿ ತ್ರಿಕೂಟೇಶ್ವರ, ವೀರನಾರಾಯಣ ಎರಡೂ ಇವೆ. ಕುಮಾರವ್ಯಾಸ ಭಾರತ ಬರೆದದ್ದು ವೀರನಾರಾಯಣನ ಸನ್ನಿಧಿಯಲ್ಲಿ ಎಂಬ ನಂಬಿಕೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಆದರೆ ಒಂದೇ ದಿನದ ಪ್ರವಾಸವಾದರೆ ಗದಗದಲ್ಲಿ ಜಾಸ್ತಿ ಹೊತ್ತು ಕಳೆಯದೆ ಲಕ್ಕುಂಡಿಗೆ ನಡೆಯಿರಿ. ಅಲ್ಲಿಂದ 12 ಕಿ.ಮೀ. ಅಷ್ಟೇ.

ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿಯ ಊರೆಂಬ ಹೆಸರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ ಅವರು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ಮುಂದೆ ಮಕ್ಕಳೂ ನಿಂತು ನೋಡುತ್ತಾರೆ. ಮುಸುಕಿನ ಬಾವಿಗೆ ತಪ್ಪದೆ ಹೋಗಿ. ಮಳೆ ಚೆನ್ನಾಗಿ ಆದ ವರ್ಷ ನೀರು ಮೇಲೆ ಬಂದಿರುತ್ತದೆ, ಬೇಸಿಗೆಯಲ್ಲಿ ನೋಡಿದವರಿಗೆ ಬೇರೆಯದೇ ಬಾವಿ ಎನಿಸುತ್ತದೆ. ಮೆಟ್ಟಿಲಿಗೆ ಪಾಚಿ ಇರುತ್ತದೆ, ಹುಷಾರು.

ಅಲ್ಲಿಂದ ತಿರುಗಿ ಡಂಬಳ. ನಕ್ಷತ್ರದ ಆಕಾರದಲ್ಲಿ ಮೂಲೆ ಮೂಲೆಯಾಗಿ ಎದ್ದು ನಿಂತ ದೊಡ್ಡಬಸಪ್ಪ ಗುಡಿ, ಪಕ್ಕದಲ್ಲಿ ದೊಡ್ಡ ಕೆರೆ. ನಂತರ ಕಪ್ಪತಗುಡ್ಡ. ಇಲ್ಲಿ ನೆಲ ಒಮ್ಮೆಲೇ ಬದಲಾಗುತ್ತದೆ. ಕಪ್ಪು ಎರೆ ಹೋಗಿ ಕೆಂಪು ಮಸಾರಿ ಬರುತ್ತದೆ, ಗುಡ್ಡದ ಸಾಲು ಏಳುತ್ತದೆ, ಮೇಲೆಲ್ಲ ಗಾಳಿಯಂತ್ರಗಳು. ಔಷಧಿ ಗಿಡಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದರು, ವಿಸ್ತೀರ್ಣ ಸುಮಾರು 244 ಚದರ ಕಿ.ಮೀ. ಗಣಿಗಾರಿಕೆ ಬೇಡ ಎಂದು ಈ ಭಾಗದ ಮಂದಿ, ಮಠಗಳು ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಗುಡ್ಡ ಇದು. ಗಾಡಿ ನಿಲ್ಲಿಸಿದಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ, ಸುಮ್ನೆ ಗಿಡ ಕೀಳಬೇಡಿ. ಬೇಸಿಗೆಯಲ್ಲಿ ಬೋಳು ಕಾಣುವ ಗುಡ್ಡ ಈ ತಿಂಗಳು ಹುಲ್ಲು ಹೊದ್ದುಕೊಂಡಿರುತ್ತದೆ. ಕಪ್ಪತ ಮಲ್ಲೇಶ್ವರ ಗುಡಿಯ ಕಡೆ ಏರಿ ನಿಂತರೆ ಬೀಸುವ ಗಾಳಿಗೆ ಟೋಪಿ ನಿಲ್ಲುವುದಿಲ್ಲ.

ವಾಪಸ್ ಬರುವಾಗ ಬಂದ ದಾರಿಯನ್ನೇ ಹಿಡಿಯಬೇಡಿ. ಶಿರಹಟ್ಟಿ, ಲಕ್ಷ್ಮೇಶ್ವರ, ಕುಂದಗೋಳ ಮೇಲೆ ಹುಬ್ಬಳ್ಳಿ ಸೇರಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಹಳೆಯ ಪುಲಿಗೆರೆಯ ವೈಭವಕ್ಕೆ ಸಾಕ್ಷಿ. ಕುಂದಗೋಳ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಇಡೀ ಸುತ್ತು 200 ಕಿ.ಮೀ. ಹತ್ತಿರ ಆಗುತ್ತದೆ. ಒಂದು ಮಾತು: ಈ ದಾರಿಯಲ್ಲಿ ಮಾಗಡಿ ಕೆರೆಯ ಹಕ್ಕಿ ನೋಡಬಹುದು ಎಂದು ಯಾರಾದರೂ ಹೇಳಿದರೆ ಈಗ ನಂಬಬೇಡಿ. ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲಕ್ಕೆ. ಅದಕ್ಕೆ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಹೋಗಿ.

ಈ ದಾರಿಯ ತೊಂದರೆಗಳನ್ನೂ ಹೇಳಬೇಕು. ಹೆಸರುಕಾಳಿನ ಒಕ್ಕಣೆಯ ಕಾಲ ಇದು, ಒಳ ರಸ್ತೆಗಳಲ್ಲಿ ರೈತರು ಪೀಕನ್ನು ಡಾಂಬರಿನ ಮೇಲೇ ಹರವಿರುತ್ತಾರೆ. ಬೈಕಿಗೆ ಅದು ಜಾರುತ್ತದೆ. ಕಾರಿನ ತಳಕ್ಕೆ ಒಣ ಬಳ್ಳಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವ ಅಪಾಯವೂ ಉಂಟು. ನಿಧಾನ ಹೋಗಿ, ದಾಟಿದ ಮೇಲೆ ಒಮ್ಮೆ ಇಳಿದು ತಳ ನೋಡಿ. ಎರಡನೆಯದು, ಫೋಟೋಕ್ಕೆಂದು ಗಾಡಿಯನ್ನು ಹೊಲದ ದಾರಿಗೆ ಇಳಿಸಬೇಡಿ. ಒದ್ದೆ ಎರೆ ಮಣ್ಣು ಗಾಲಿ ಹಿಡಿದರೆ ಟ್ರ್ಯಾಕ್ಟರ್ ಬರುವ ತನಕ ಬಿಡುವುದಿಲ್ಲ. ಮೂರನೆಯದು ಗುಡುಗು. ಬಯಲಿನಲ್ಲಿ ಮಿಂಚು ಹೊಡೆಯುವಾಗ ಒಂಟಿ ಮರದ ಕೆಳಗೆ ಬೈಕ್ ನಿಲ್ಲಿಸಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಊರೊಳಗೆ, ಗಟ್ಟಿ ಕಟ್ಟಡಕ್ಕೆ ಹೋಗಿ.

ಯಲ್ಲಾಪುರ ದಾರಿ: ಕಾಡು ಬೇಕು ಎನ್ನುವವರಿಗೆ

ಅಂಕೋಲಾ ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ದಾಟಿದ ಮೇಲೆ ಹೊಲ ಸಣ್ಣದಾಗುತ್ತಾ, ಗದ್ದೆ ಕಾಣುತ್ತಾ, ಕಿರವತ್ತಿ ಹೊತ್ತಿಗೆ ಸಾಗವಾನಿ ಎರಡೂ ಕಡೆ ಮುಚ್ಚಿಕೊಳ್ಳುತ್ತದೆ. ಸಾಗವಾನಿ ಹೂ ಬಿಡುವುದೂ ಈ ಕಾಲದಲ್ಲೇ. ತುದಿಯಲ್ಲಿ ಕೆನೆಬಣ್ಣದ ಗೊಂಚಲು ಹೊತ್ತ ಮರಗಳ ನಡುವಿನ ಈ ತುಂಡು ರಸ್ತೆ ನನಗೆ ಜಲಪಾತಕ್ಕಿಂತ ಇಷ್ಟ.

ಯಲ್ಲಾಪುರದಿಂದ ಮಾಗೋಡು ಸುಮಾರು 20 ಕಿ.ಮೀ., ಸಾತೊಡ್ಡಿ ಸುಮಾರು 30 ಕಿ.ಮೀ. ಎರಡೂ ಬೇರೆ ಬೇರೆ ದಿಕ್ಕು. ಒಂದೇ ದಿನಕ್ಕೆ ಎರಡನ್ನೂ ತುರುಕಿದರೆ ಇಡೀ ದಿನ ಗಾಡಿಯಲ್ಲೇ ಕಳೆದುಹೋಗುತ್ತದೆ. ಒಂದನ್ನು ಆರಿಸಿ. ಈ ತಿಂಗಳ ಮಟ್ಟಿಗೆ ನನ್ನ ಮತ ಮಾಗೋಡಿಗೆ. ಬೇಡ್ತಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುವುದನ್ನು ಎದುರಿನ ಎತ್ತರದಿಂದಲೇ ನೋಡಬಹುದು, ನೀರಿಗೆ ಇಳಿಯುವ ಮಾತೇ ಇಲ್ಲ. ವಯಸ್ಸಾದವರಿಗೂ ಮಕ್ಕಳಿಗೂ ಅನುಕೂಲ. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆಯ ನೀರೂ ಈ ಧುಮುಕುವಿಕೆಯಲ್ಲಿ ಇದೆ ಎಂದು ನೆನೆದರೆ ಊರಿನವರಿಗೆ ಒಂಥರಾ ಹೆಮ್ಮೆ, ಅಲ್ವಾ? ಹತ್ತಿರದ ಜೇನುಕಲ್ಲು ಗುಡ್ಡದಿಂದ ಕಣಿವೆ ಚೆನ್ನಾಗಿ ಕಾಣುತ್ತದೆ, ಕವಡಿಕೆರೆಯೂ ಅದೇ ಕಡೆ.

ಸಾತೊಡ್ಡಿ ಅಗಲವಾದ, ಸುಮಾರು 15 ಮೀಟರಿನ ಜಲಪಾತ. ಹತ್ತಿರದ ತನಕ ಹೋಗಬಹುದು, ಅದೇ ಅದರ ಸೊಗಸು. ಈಗ ಅದೇ ಅದರ ಅಪಾಯವೂ ಹೌದು. ಕೊನೆಗೆ ಕಾಡಿನಲ್ಲಿ ನಡೆಯಬೇಕು, ಕಲ್ಲು ಜಾರುತ್ತದೆ, ನೀರಿನ ಸೆಳೆತ ಜೋರು. ಮಳೆ ಹೆಚ್ಚಾದಾಗ ಪ್ರವೇಶ ನಿಲ್ಲಿಸುವುದೂ ಉಂಟು. ಅದನ್ನು ನವೆಂಬರ್‌ಗೆ ಇಟ್ಟುಕೊಳ್ಳಿ.

ಯಲ್ಲಾಪುರದಿಂದ ಮುಂದೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸಮುದ್ರ ನೋಡಿ ಬರೋಣ ಎಂದು ಹುಡುಗರು ಹಟ ಹಿಡಿಯುತ್ತಾರೆ. ಘಟ್ಟ ಚೆಂದವೇ. ಆದರೆ ಲಾರಿಗಳ ಸಾಲು, ಮಳೆಗೆ ಕಿತ್ತ ರಸ್ತೆ, ಕುಸಿಯುವ ಗುಡ್ಡ ಮೂರನ್ನೂ ಲೆಕ್ಕ ಹಾಕಿ. ಅಂಕೋಲಾ ಹತ್ತಿರದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದದ್ದನ್ನು ಮರೆಯಬಾರದು. ಒಂದೇ ದಿನದಲ್ಲಿ ಘಟ್ಟ ಇಳಿದು ಹತ್ತಿ ಬರುವ ಯೋಜನೆ ಈ ತಿಂಗಳು ಬೇಡ. ಸಮುದ್ರವೇ ಬೇಕಿದ್ದರೆ ರಾತ್ರಿ ಅಲ್ಲೇ ಉಳಿಯುವ ಹಾಗೆ, ಅಕ್ಟೋಬರ್‌ನಲ್ಲಿ ಹೋಗಿ.

ದಾಂಡೇಲಿ, ಉಳವಿ

ಧಾರವಾಡದವರಿಗೆ ಇದು ಹತ್ತಿರ. ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿ.ಮೀ. ಹೆಚ್ಚಿನವರು ಹೋಗುವುದು ರಾಫ್ಟಿಂಗ್‌ಗೆ, ಸಫಾರಿಗೆ. ಮಳೆಗಾಲದಲ್ಲಿ ಎರಡೂ ಸಾಮಾನ್ಯವಾಗಿ ನಿಂತಿರುತ್ತವೆ. ರೆಸಾರ್ಟ್‌ಗೆ ಮುಂಗಡ ಕೊಡುವ ಮುನ್ನ ಶುರುವಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಅದಕ್ಕೇ ಹೋಗುವವರು ಅಕ್ಟೋಬರ್ ಕಳೆಯುವ ತನಕ ತಾಳುವುದು ಒಳ್ಳೆಯದು.

ಬರೀ ದಾರಿಗಾಗಿ ಹೋಗುವವರಿಗೆ ಮಾತ್ರ ಈಗಲೇ ಚೆಂದ. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ ಕಟ್ಟಿದ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಹಿಂದೆ ಹರಡಿದ ಹಿನ್ನೀರು ಈ ಹೊತ್ತಿಗೆ ಏರಿರುತ್ತದೆ. ಹಳೆಯ ಸೂಪಾ ಊರು ಆ ನೀರಿನಡಿಯೇ ಇದೆ. ಅಲ್ಲಿಂದ ಜೋಯಿಡಾ ಕಾಡಿನೊಳಗೆ ಉಳವಿ, ಶರಣ ಚೆನ್ನಬಸವಣ್ಣನವರು ಐಕ್ಯರಾದ ಕ್ಷೇತ್ರ. ನಮ್ಮ ಕಡೆಯಿಂದ ಮಾಘದ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ದಾರಿ. ಮಳೆಯಲ್ಲಿ ಅದೇ ದಾರಿಯ ನೋಟ ಬೇರೆ, ನೆರಳು ದಟ್ಟ, ಮಂದಿ ವಿರಳ. ಅದೃಷ್ಟವಿದ್ದರೆ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಕೇಳಬಹುದು.

ಆದರೆ ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಪೆಟ್ರೋಲ್ ದಾಂಡೇಲಿಯಲ್ಲೇ ತುಂಬಿಸಬೇಕು. ತಿರುವಿನಾಚೆ ಗೌಳಿಗರ ಎಮ್ಮೆಗಳು ರಸ್ತೆ ಮೇಲೇ ಮಲಗಿರುತ್ತವೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕತ್ತಲಾದ ಮೇಲೆ ಗಾಡಿ ಓಡಿಸಬಾರದ ದಾರಿ. ಬೈಕ್ ಕೆಟ್ಟರೆ ನೆರವು ಬರುವುದು ತಡ. ಒಬ್ಬರೇ ಹೋಗುವವರು ಗದಗ ದಾರಿಯನ್ನೇ ಆರಿಸಿ, ಅಲ್ಲಿ ಐದಾರು ಕಿ.ಮೀ.ಗೆ ಒಂದು ಊರು ಸಿಗುತ್ತದೆ.

ಹಾವೇರಿ ಕಡೆ: ಹೊಳೆ ನೋಡಲು

ಹೆದ್ದಾರಿಯಲ್ಲಿ ಹಾವೇರಿಗೆ ಬೇಗ ಹೋಗಬಹುದು, ಆದರೆ ಹೆದ್ದಾರಿಯಲ್ಲಿ ನೋಡುವುದೇನಿಲ್ಲ. ಈ ದಾರಿಯ ಸೊಗಸೆಲ್ಲ ಹೆದ್ದಾರಿ ಬಿಟ್ಟ ಮೇಲೆ. ಬಂಕಾಪುರದ ಕೋಟೆಯೊಳಗೆ ಕಂಬಗಳ ಚೆಲುವಿನ ನಗರೇಶ್ವರ ಗುಡಿ, ಖಿಲಾರಿ ದನಗಳ ಕೇಂದ್ರ, ನವಿಲುಧಾಮ ಎಲ್ಲ ಒಂದೇ ಕಡೆ. ನವಿಲು ಬೆಳಗ್ಗೆ ಕಾಣುತ್ತವೆ. ಗರಿ ಬಿಚ್ಚಿ ಕುಣಿಯುವುದನ್ನು ನೋಡಲೆಂದು ಹೋಗುವವರು ಮಾತ್ರ ಆಗಸ್ಟ್ ದಾಟಿಸಬೇಡಿ. ಮಳೆ ಮುಗಿಯುವ ಹೊತ್ತಿಗೆ ಗಂಡು ನವಿಲಿನ ಉದ್ದ ಗರಿ ಉದುರುತ್ತವೆ. ಸವಣೂರಿನ ಹಳೆಯ ಬೃಹತ್ ದೊಡ್ಡಹುಣಸೆ (ಬಾವೊಬಾಬ್) ಮರಗಳು ಹತ್ತಿರವೇ. ಮೂರರಲ್ಲಿ ಒಂದು 2023ರಲ್ಲಿ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಮಳೆಗಾಲದಲ್ಲಿ ಎಲೆ ತುಂಬಿ ನಿಲ್ಲುವ ಮರಗಳಿವು, ಬೇಸಿಗೆಯಲ್ಲಿ ಬೋಳು.

ಹಾವೇರಿ ದಾಟಿ ಗುತ್ತಲ ಕಡೆ ಹೋದರೆ ತುಂಗಭದ್ರೆಯ ದಂಡೆ. ವರದಾ ಬಂದು ಕೂಡುವ ಗಳಗನಾಥದಲ್ಲಿ ಗಳಗೇಶ್ವರ, ಚೌಡಯ್ಯದಾನಪುರದಲ್ಲಿ ಆಭರಣದ ಹಾಗೆ ಕೆತ್ತಿದ ಮುಕ್ತೇಶ್ವರ. ಅಂಬಿಗರ ಚೌಡಯ್ಯನವರ ನೆಲ ಅದು. ಈ ತಿಂಗಳು ಹೊಳೆ ಕೆಂಪಾಗಿ, ದಂಡೆ ತುಂಬಿ ಹರಿಯುತ್ತದೆ. ಗುಡಿಯ ಕಟ್ಟೆಯಲ್ಲಿ ಕೂತು ನೋಡಲು ಅಷ್ಟು ಸಾಕು. ನೀರಿಗೆ ಇಳಿಯಬೇಡಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಲು ಇಲ್ಲಿಯವರೆಗೆ ಹೇಳಿದ ನಾಲ್ಕು ದಾರಿಗಳಲ್ಲಿ ಇದೇ ಸುಲಭ, ಹತ್ತುವುದು-ಇಳಿಯುವುದು ಕಡಿಮೆ.

ಬಾದಾಮಿ, ಮುಂಡಗೋಡ

ಬಾದಾಮಿಯನ್ನು ಎಲ್ಲರೂ ಚಳಿಗಾಲದ ಊರು ಎನ್ನುತ್ತಾರೆ. ಆದರೆ ರಾತ್ರಿ ಜೋರು ಮಳೆಯಾದ ಮರುದಿನ ಹೋದರೆ ಅಗಸ್ತ್ಯ ತೀರ್ಥದ ಪಕ್ಕದ ಕೆಂಪು ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತಿರುತ್ತದೆ. ಮಳೆ ನಿಂತು ಎರಡು ದಿನವಾದರೆ ಅದೂ ಸಣಕಲಾಗುತ್ತದೆ. ದೂರ 105 ಕಿ.ಮೀ. ಆಸುಪಾಸು. ಬನಶಂಕರಿ ಗುಡಿಯ ಮುಂದೆ ಅವ್ವಂದಿರು ಬುಟ್ಟಿಯಲ್ಲಿ ತರುವ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿ ತಿನ್ನದೆ ಬರಬೇಡಿ. ತೊಡಕು ಒಂದೇ, ನವಲಗುಂದ ಕಡೆಯ ಬೆಣ್ಣಿಹಳ್ಳ, ತುಪ್ಪರಿಹಳ್ಳ. ಜೋರು ಮಳೆಗೆ ಇವು ಉಕ್ಕಿ ದಾರಿ ಮುಚ್ಚುತ್ತವೆ. ಅಂದರೆ ಜಲಪಾತ ಚೆನ್ನಾಗಿರುವ ದಿನವೇ ದಾರಿ ಅನುಮಾನ.

ಅರ್ಧ ದಿನ ಮಾತ್ರ ಬಿಡುವಿದ್ದರೆ ತಡಸದ ಮೇಲೆ ಮುಂಡಗೋಡ. 1966ರಿಂದ ಇರುವ ಟಿಬೆಟನ್ ಕ್ಯಾಂಪ್, ದೊಡ್ಡ ಮಠಗಳು, ಸುತ್ತ ಭತ್ತದ ಗದ್ದೆ, ತಿನ್ನಲು ಬಿಸಿ ಮೋಮೋ. ಕಾಡಿನ ಅಂಚಿನ ಹಸಿರು ಸಿಗುತ್ತದೆ, ಘಟ್ಟದ ಆತಂಕವಿಲ್ಲ. ಮೊದಲ ಸಲ ದೂರ ಗಾಡಿ ಓಡಿಸುವವರು ಇಲ್ಲಿಂದಲೇ ಶುರು ಮಾಡಲಿ.

ಹೊರಡುವ ಮುನ್ನ

ಊಟದ ವಿಷಯದಲ್ಲಿ ಗದಗ, ಬಾದಾಮಿ ಕಡೆ ಚಿಂತೆಯಿಲ್ಲ, ಖಾನಾವಳಿ ಎಲ್ಲೆಲ್ಲೂ ಇವೆ. ಯಲ್ಲಾಪುರದಲ್ಲಿ ತಂಬುಳಿ ಊಟ ಸಿಗುವ ಕಡೆ ಕೂತು ಉಣ್ಣಿ, ಮನೆಗೆ ತೊಡದೇವು ತನ್ನಿ. ಉಳವಿ ದಾರಿಗೆ ಬುತ್ತಿ ಕಟ್ಟಿಕೊಳ್ಳಿ. ಕಾಡಿನ ಕಡೆ ಉಂಬಳ (ಜಿಗಣೆ) ಹತ್ತುತ್ತವೆ, ಕಾಲಿಗೆ ಉದ್ದ ಸಾಕ್ಸ್ ಹಾಕಿ, ಚೀಲದಲ್ಲಿ ಒಂದಿಷ್ಟು ಉಪ್ಪು ಇರಲಿ.

ಗಣೇಶ ಚೌತಿಯ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಹುಬ್ಬಳ್ಳಿಯಲ್ಲಿ ಹನ್ನೊಂದನೇ ದಿನದ ವಿಸರ್ಜನೆ ಇದ್ದಾಗ ಸಂಜೆ ಊರೊಳಗೆ ಬರುವುದೇ ಕಷ್ಟ. ಆ ದಿನ ಧಾರವಾಡದವರು ಹಳಿಯಾಳ ಕಡೆ ಹೋಗುವುದು ಒಳ್ಳೆಯದು, ಹುಬ್ಬಳ್ಳಿಯನ್ನು ದಾಟಬೇಕಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರೂವರೆಗೆ. ಕಾಡಿನಲ್ಲಿ ಅದಕ್ಕಿಂತ ಮೊದಲೇ ಕತ್ತಲು. ಯಲ್ಲಾಪುರದಿಂದ ನಾಲ್ಕೂವರೆಗೆ, ಉಳವಿಯಿಂದ ಎರಡಕ್ಕೆ ಹೊರಟುಬಿಡಿ. ವೈಪರ್ ರಬ್ಬರ್, ಟೈರಿನ ಗೀರು ಹಿಂದಿನ ದಿನವೇ ನೋಡಿ. ಗುಂಡಿಯಲ್ಲಿ ನೀರು ನಿಂತಾಗ ಅದರ ಆಳ ಗೊತ್ತಾಗುವುದಿಲ್ಲ, ಮುಂದಿನ ಲಾರಿಯ ಗಾಲಿ ಎಷ್ಟು ಇಳಿಯಿತು ನೋಡಿ ಹೋಗಿ. ಹಳ್ಳದ ನೀರು ಸೇತುವೆಯ ಮೇಲೆ ಹರಿಯುತ್ತಿದ್ದರೆ ಮೊಣಕಾಲು ಮಟ್ಟವಿದ್ದರೂ ದಾಟಿಸಬೇಡಿ. ಹತ್ತಿರದ ಊರಿನಲ್ಲಿ ಚಾ ಕುಡಿದು ಕಾಯಿರಿ. ಬಯಲಿನ ಹಳ್ಳ ಏರಿದಷ್ಟೇ ಬೇಗ ಇಳಿಯುವುದೂ ಉಂಟು, ಇಳಿಯದಿದ್ದರೆ ಬೇರೆ ದಾರಿ ಯಾವುದು ಎಂದು ಆ ಚಾ ಅಂಗಡಿಯವರೇ ಹೇಳುತ್ತಾರೆ.